ಹಡಗಿಗೆ ಮುಂಚೆ ಗ್ರೂಪ್ ಟೂರ್ ಇದೆಯಾ? ವಿಮಾನದಲ್ಲಿ ಹೋಗಿ ಸೇರಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಉದ್ದನೆಯ ಕ್ರೂಸ್ ಬುಕ್ ಮಾಡಿದವರ ತಲೆಯಲ್ಲಿ ಸಾಮಾನ್ಯವಾಗಿ ಒಂದೇ ತಾರೀಖು ಕೂತಿರುತ್ತದೆ, ಹಡಗು ಹೊರಡುವ ದಿನ. ಅದಕ್ಕೂ ಮುಂಚೆ ಐದಾರು ದಿನದ ಗ್ರೂಪ್ ಟೂರ್ ಸೇರಿಸಿಕೊಂಡಿದ್ದರಂತೂ ಪೂರ್ತಿ ನಿರಾಳ. 'ಹೇಗೂ ವಾರ ಮುಂಚೆಯೇ ಅಲ್ಲಿರ್ತೀವಲ್ಲ, ವಿಮಾನ ತಡವಾದ್ರೂ ಹಡಗು ತಪ್ಪಲ್ಲ' ಅಂತ ಲೆಕ್ಕ.

ಹಡಗು ತಪ್ಪಲ್ಲ, ನಿಜ. ಆದರೆ ಟೂರ್ ತಪ್ಪುತ್ತದೆ. ಹಡಗಾದರೂ ಒಂದು ಕಡೆ ನಿಂತಿರುತ್ತದೆ, ಟೂರ್ ನಿಲ್ಲುವುದಿಲ್ಲ. ನೀವು ಒಂದು ದಿನ ತಡವಾಗಿ ಇಳಿಯುವ ಹೊತ್ತಿಗೆ ಗುಂಪು ಬಸ್ ಹತ್ತಿ ಬೇರೆ ಊರಿಗೆ ಹೋಗಿರುತ್ತದೆ, ಆಮೇಲೆ ನಿಮ್ಮದೇ ದುಡ್ಡಲ್ಲಿ, ಭಾಷೆ ಬಾರದ ಜಾಗದಲ್ಲಿ, ರೈಲೋ ಟ್ಯಾಕ್ಸಿಯೋ ಹಿಡಿದು ಅದರ ಬೆನ್ನು ಹತ್ತಬೇಕು. ನೀವು ಸರಿಯಾಗಿ ಬಂದು ಬ್ಯಾಗ್ ಬರದಿದ್ದರೆ ಪಾಡು ಇನ್ನೊಂದು ಥರ. ದಿನಕ್ಕೊಂದು ಹೋಟೆಲ್ ಬದಲಾಯಿಸುವವರನ್ನು ಬ್ಯಾಗ್ ಹುಡುಕಿಕೊಂಡು ಬರಬೇಕಲ್ಲ.

ಹಾಗಾಗಿ ಖಾಲಿ ದಿನ ಎಲ್ಲಿ ಇಟ್ಟುಕೊಳ್ಳಬೇಕು ಅಂದರೆ, ಟೂರ್ ಶುರುವಾಗುವ ಮುಂಚೆ. ಕೆಳಗಿನ ಎಲ್ಲ ಹಂತಗಳನ್ನೂ ಇದೊಂದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ.

ಹಂತ 1: ಮೊದಲು ತಾರೀಖು ಬಿಡಿಸಿಕೊಳ್ಳಿ

ಟೂರ್ ಕಂಪನಿ ಕೊಡುವ ಹಾಳೆಯಲ್ಲಿ 'ದಿನ 1' ಅಂತ ಇರುತ್ತದೆ. ಇದು ಏನು? ಕೆಲವರ ಪ್ರಕಾರ ನೀವು ಮನೆಯಿಂದ ಹೊರಡುವ ದಿನ. ಇನ್ನು ಕೆಲವರ ಪ್ರಕಾರ ನೀವು ಅಲ್ಲಿ ಇಳಿದು ಹೋಟೆಲ್ ಸೇರುವ ದಿನ. ಇನ್ನೂ ಕೆಲವರದ್ದು ಬೆಳಗ್ಗೆ ಎಂಟಕ್ಕೇ ಊರು ಸುತ್ತುವ ಬಸ್ ಹೊರಡುವ ದಿನ, ಅಂದರೆ ನೀವು ಹಿಂದಿನ ರಾತ್ರಿಯೇ ಅಲ್ಲಿರಬೇಕು ಅಂತ ಅವರು ಸುಮ್ನೆ ಅಂದುಕೊಂಡಿರುತ್ತಾರೆ, ಬರೆದಿರುವುದಿಲ್ಲ. ಫೋನಲ್ಲಿ ಕೇಳಬೇಡಿ, ಇಮೇಲ್‌ನಲ್ಲಿ ಕೇಳಿ: ಯಾವ ತಾರೀಖು, ಅಲ್ಲಿನ ಸಮಯ ಎಷ್ಟು ಗಂಟೆಗೆ, ಯಾವ ಜಾಗದಲ್ಲಿ ಗುಂಪು ಮೊದಲ ಸಲ ಸೇರುತ್ತದೆ? ಉತ್ತರವನ್ನು ಇಟ್ಟುಕೊಳ್ಳಿ.

ಆಮೇಲೆ ವಿಮಾನದ ಲೆಕ್ಕ. ಟಿಕೆಟ್‌ನಲ್ಲಿ ಇಳಿಯುವ ಸಮಯದ ಪಕ್ಕ ಸಣ್ಣದಾಗಿ +1 ಅಥವಾ +2 ಅಂತ ಇರುತ್ತದೆ, ಹೊರಟ ತಾರೀಖಿಗಿಂತ ಅಷ್ಟು ದಿನ ಆಮೇಲೆ ಇಳಿಯುತ್ತೀರಿ ಅಂತ ಅರ್ಥ. ಪೆಸಿಫಿಕ್ ಸಾಗರ ದಾಟುವವರು ಇನ್ನೂ ಹುಷಾರಾಗಿರಬೇಕು. ಲಾಸ್ ಏಂಜಲೀಸ್‌ನಿಂದ ಸೋಮವಾರ ರಾತ್ರಿ ಹೊರಟರೆ ಸಿಡ್ನಿಯಲ್ಲಿ ಇಳಿಯುವುದು ಬುಧವಾರ ಬೆಳಗ್ಗೆ. ಮಂಗಳವಾರ ಅನ್ನುವುದು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಉಲ್ಟಾ ದಿಕ್ಕಿನಲ್ಲಿ, ಟೋಕಿಯೋದಿಂದ ಸಂಜೆ ಹೊರಟರೆ ಹೊನಲುಲುವಿನಲ್ಲಿ ಅದೇ ದಿನ ಬೆಳಗ್ಗೆ ಇಳಿಯುತ್ತೀರಿ. ಹೋಟೆಲ್ ಬುಕ್ ಮಾಡುವಾಗ ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ.

ಎಷ್ಟು ದಿನ ಮುಂಚೆ ಇಳಿಯಬೇಕು? ಒಂದು ರಾತ್ರಿ ಕನಿಷ್ಠ. ದಾರಿಯಲ್ಲಿ ಎರಡು ಕಡೆ ವಿಮಾನ ಬದಲಾಯಿಸಬೇಕಿದ್ದರೆ, ಹಿಮ ಬೀಳುವ ಕಾಲವಾಗಿದ್ದರೆ, ಅಥವಾ ಆರೇಳು ಗಂಟೆಗಿಂತ ಜಾಸ್ತಿ ಸಮಯದ ವ್ಯತ್ಯಾಸ ಇದ್ದರೆ ಎರಡು ರಾತ್ರಿ ಇಟ್ಟುಕೊಳ್ಳಿ. ದೇಹ ಹೊಸ ಸಮಯಕ್ಕೆ ಹೊಂದಿಕೊಳ್ಳಲು ಅಂದಾಜು ಒಂದು ಗಂಟೆ ವ್ಯತ್ಯಾಸಕ್ಕೆ ಒಂದು ದಿನ ಬೇಕು ಅಂತಾರೆ, ಪೂರ್ವಕ್ಕೆ ಹಾರಿದರೆ ಇನ್ನೂ ಕಷ್ಟ. ಗ್ರೂಪ್ ಟೂರ್‌ನಲ್ಲಿ ಬೆಳಗ್ಗೆ ಆರೂವರೆಗೆ ಎಬ್ಬಿಸುತ್ತಾರೆ. ರಾತ್ರಿ ಮೂರಕ್ಕೆ ಕಣ್ಣು ಬಿಟ್ಟು ಕೂತವರಿಗೆ ಮೊದಲೆರಡು ದಿನದ ಅರಮನೆ, ಮ್ಯೂಸಿಯಂ ಯಾವುದೂ ನೆನಪಿರುವುದಿಲ್ಲ, ದುಡ್ಡು ಮಾತ್ರ ಹೋಗಿರುತ್ತದೆ.

ಇನ್ನೊಂದು ವಿಷಯ. ಬೆಳಗ್ಗೆ ಆರಕ್ಕೆ ಇಳಿಯುವ ವಿಮಾನ ನೋಡಲು ಚೆನ್ನಾಗಿರುತ್ತದೆ, ಆದರೆ ಹೋಟೆಲ್ ರೂಮ್ ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಅಲ್ಲಿಯವರೆಗೆ ಲಾಬಿಯ ಸೋಫಾ ಮೇಲೆ ತೂಕಡಿಸಬೇಕು. ಕೈಯಲ್ಲಿ ಸ್ವಲ್ಪ ಅನುಕೂಲವಿದ್ದರೆ ಹಿಂದಿನ ರಾತ್ರಿಯಿಂದಲೇ ರೂಮ್ ಹಿಡಿದು, 'ಬೆಳಗ್ಗೆ ಏಳಕ್ಕೆ ಬರುತ್ತೇವೆ, ರೂಮ್ ಬಿಟ್ಟುಕೊಡಬೇಡಿ' ಅಂತ ಹೋಟೆಲ್‌ಗೆ ಮೊದಲೇ ಬರೆದುಬಿಡಿ. ಹಾಗೆ ಹೇಳದಿದ್ದರೆ ರಾತ್ರಿ ಬರಲಿಲ್ಲ ಅಂತ ಬುಕಿಂಗ್ ರದ್ದು ಮಾಡುವವರೂ ಇದ್ದಾರೆ. ಆದಷ್ಟೂ ಟೂರ್‌ನ ಮೊದಲ ಹೋಟೆಲ್‌ನಲ್ಲೇ ಈ ಹೆಚ್ಚುವರಿ ರಾತ್ರಿ ಹಿಡಿಯಿರಿ, ಟೂರ್ ಶುರುವಾದಾಗ ಬ್ಯಾಗ್ ಎಳೆದುಕೊಂಡು ಬೀದಿ ದಾಟುವುದು ತಪ್ಪುತ್ತದೆ.

ಹಂತ 2: ಊರಿನ ಹೆಸರು ನಂಬಬೇಡಿ, ನಕ್ಷೆ ನೋಡಿ

ಕ್ರೂಸ್ ಕಂಪನಿಗಳು ಬಂದರಿನ ಹೆಸರಿಗಿಂತ ಪಕ್ಕದ ದೊಡ್ಡ ಊರಿನ ಹೆಸರನ್ನೇ ದೊಡ್ಡಕ್ಷರದಲ್ಲಿ ಹಾಕುತ್ತವೆ. 'ರೋಮ್' ಅಂದರೆ ಚಿವಿತಾವೆಕ್ಕಿಯಾ, ರೋಮ್‌ನಿಂದ 70 ಕಿ.ಮೀ.ಗೂ ಜಾಸ್ತಿ. 'ಲಂಡನ್' ಅಂದರೆ ಬಹಳಷ್ಟು ಸಲ ಸೌತಾಂಪ್ಟನ್, ಸುಮಾರು 120 ಕಿ.ಮೀ. 'ಪ್ಯಾರಿಸ್' ಅಂದರೆ ಲ ಹಾವ್ರ್, ಅದು 200 ಕಿ.ಮೀ. ಹತ್ತಿರ. 'ಬರ್ಲಿನ್' ಅಂತ ಬರೆದಿದ್ದರೆ ಹಡಗು ನಿಲ್ಲುವುದು ಬಾಲ್ಟಿಕ್ ತೀರದ ವಾರ್ನೆಮ್ಯೂಂಡೆಯಲ್ಲಿ, ಬರ್ಲಿನ್‌ನಿಂದ 200 ಕಿ.ಮೀ. ಮೀರಿದ ದಾರಿ.

ವಿಮಾನ ನಿಲ್ದಾಣದ್ದೂ ಇದೇ ಕತೆ. ಟೋಕಿಯೋಗೆ ಎರಡು: ಹನೇಡಾ ಊರಿಗೆ ಹತ್ತಿರ, ನರಿಟಾ 60 ಕಿ.ಮೀ.ಗೂ ಆಚೆ. ಇಸ್ತಾಂಬುಲ್‌ನ ಎರಡು ನಿಲ್ದಾಣಗಳಲ್ಲಿ ಒಂದು ಯುರೋಪಿನ ಕಡೆ, ಇನ್ನೊಂದು ಏಷ್ಯಾದ ಕಡೆ. ಬ್ಯೂನಸ್ ಐರಿಸ್‌ನಲ್ಲಿ ದೂರದ ವಿಮಾನಗಳು ಹೆಚ್ಚಾಗಿ ಊರ ಹೊರಗಿನ ಎಜೈಜಾದಲ್ಲಿ ಇಳಿಯುತ್ತವೆ, ಒಳನಾಡಿನ ಬಹಳಷ್ಟು ವಿಮಾನಗಳು ಊರೊಳಗಿನ ಏರೋಪಾರ್ಕೆಯಿಂದ ಹೊರಡುತ್ತವೆ. ಒಂದೇ ಊರಲ್ಲಿ ವಿಮಾನ ಬದಲಾಯಿಸುತ್ತೀರಿ ಅಂದುಕೊಂಡಿದ್ದು ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ಪ್ರಯಾಣ ಆಗಿಬಿಡಬಹುದು. ಹಾಗಾಗಿ ಟಿಕೆಟ್ ಕೊಳ್ಳುವ ಮುಂಚೆ ನಿಲ್ದಾಣದ ಮೂರಕ್ಷರದ ಕೋಡ್ ಓದಿ.

ಈಗ ಮುಖ್ಯ ಪ್ರಶ್ನೆ: ಟೂರ್ ಮುಗಿದ ಮೇಲೆ ನಿಮ್ಮನ್ನು ಹಡಗಿನ ಬಾಗಿಲಿಗೆ ಯಾರು ಬಿಡುತ್ತಾರೆ? ಟೂರ್ ಅನ್ನು ಕ್ರೂಸ್ ಕಂಪನಿಯೇ ಮಾರಿದ್ದರೆ ಸಾಮಾನ್ಯವಾಗಿ ಬಸ್ ನೇರ ಬಂದರಿಗೇ ಹೋಗುತ್ತದೆ, ತಡವಾದರೂ ಅದು ಅವರ ತಲೆನೋವು. ಟೂರ್ ಬೇರೆ ಕಂಪನಿಯದ್ದು, ಹಡಗು ಬೇರೆ ಕಂಪನಿಯದ್ದು ಆಗಿದ್ದರೆ ಇವರಿಗೆ ಅವರು ಯಾರೋ, ಅವರಿಗೆ ಇವರು ಯಾರೋ. ಆಗ ಟೂರ್ ಮುಗಿಯುವ ದಿನಕ್ಕೂ ಹಡಗು ಹೊರಡುವ ದಿನಕ್ಕೂ ನಡುವೆ ಬಂದರಿನ ಊರಲ್ಲೇ ಒಂದು ರಾತ್ರಿ ಇಟ್ಟುಕೊಳ್ಳಿ. ಹೌದು, ಇದು ಎರಡನೇ ಖಾಲಿ ದಿನ. ಜಾಸ್ತಿ ಅನ್ನಿಸಬಹುದು. ಎರಡು ಮೂರು ತಿಂಗಳ ಕ್ರೂಸ್‌ಗೆ ಕಟ್ಟಿದ ದುಡ್ಡಿನ ಮುಂದೆ ಒಂದು ರಾತ್ರಿಯ ಹೋಟೆಲ್ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಂತ 3: ಟಿಕೆಟ್ ಕೊಳ್ಳುವುದು

ಅವಸರಪಟ್ಟು ಕೊಳ್ಳಬೇಡಿ. ಗ್ರೂಪ್ ಟೂರ್‌ಗಳಿಗೆ ಕನಿಷ್ಠ ಇಷ್ಟು ಜನ ಸೇರಬೇಕು ಅನ್ನುವ ಷರತ್ತು ಇರುತ್ತದೆ, ಸೇರದಿದ್ದರೆ ಟೂರ್ ರದ್ದು. ಟೂರ್‌ನ ದುಡ್ಡು ವಾಪಸ್ ಕೊಡುತ್ತಾರೆ, ನಿಮ್ಮ ವಿಮಾನದ ದುಡ್ಡು ಕೊಡುವುದಿಲ್ಲ. 'ಈ ತಾರೀಖಿನ ಟೂರ್ ಖಚಿತವಾಗಿ ಹೊರಡುತ್ತಾ? ಇಲ್ಲದಿದ್ದರೆ ಯಾವ ದಿನದೊಳಗೆ ತಿಳಿಸುತ್ತೀರಿ?' ಅಂತ ಕೇಳಿ. ಖಚಿತವಾಗುವವರೆಗೆ ಟಿಕೆಟ್ ತಗೋಬೇಡಿ, ಅಥವಾ ತಾರೀಖು ಬದಲಾಯಿಸಬಹುದಾದ ಟಿಕೆಟ್ ತಗೊಳ್ಳಿ.

ಎಷ್ಟೋ ಉದ್ದನೆಯ ಕ್ರೂಸ್‌ಗಳು ಶುರುವಾದ ಊರಲ್ಲೇ ಮುಗಿಯುವುದಿಲ್ಲ. ಹೋಗುವುದು ಒಂದೂರಿಗೆ, ಬರುವುದು ಇನ್ನೊಂದೂರಿಂದ. ಹೀಗಿರುವಾಗ ಎರಡು ಒನ್-ವೇ ಟಿಕೆಟ್ ಕೊಳ್ಳುವ ಬದಲು ಬುಕಿಂಗ್ ಪುಟದಲ್ಲಿ 'ಮಲ್ಟಿ ಸಿಟಿ' ಆಯ್ಕೆ ಒತ್ತಿ ನೋಡಿ, ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಹೋಗಿಬರುವ ಟಿಕೆಟ್ ಕೊಂಡು ಹೋಗುವ ಭಾಗ ಬಿಟ್ಟು ಬರುವುದಕ್ಕೆ ಮಾತ್ರ ಬಳಸೋಣ ಅನ್ನುವ ಯೋಚನೆ ಇದ್ದರೆ ಬಿಡಿ. ಮೊದಲ ವಿಮಾನ ಹತ್ತದಿದ್ದರೆ ಉಳಿದವು ಸಾಮಾನ್ಯವಾಗಿ ತಾನಾಗಿಯೇ ರದ್ದಾಗುತ್ತವೆ.

ದಾರಿಯಲ್ಲಿ ವಿಮಾನ ಬದಲಾಯಿಸಬೇಕಿದ್ದರೆ ಎಲ್ಲವೂ ಒಂದೇ ಬುಕಿಂಗ್‌ನಲ್ಲಿ ಇರಲಿ. ಹಾಗಿದ್ದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಏರ್‌ಲೈನ್ ಕೆಲಸ. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಏರ್‌ಲೈನ್ ಲೆಕ್ಕದಲ್ಲಿ ನೀವು ಸುಮ್ನೆ ಬರದೇ ಇದ್ದವರು, ಅಷ್ಟೇ. ಬ್ಯಾಗನ್ನೂ ನೀವೇ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಅದಕ್ಕೆ ಆ ದೇಶದೊಳಗೆ ಕಾಲಿಡಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಉಳಿಸಿದ ದುಡ್ಡು ಇಲ್ಲೇ ಕರಗುತ್ತದೆ. ಅಮೆರಿಕದ ಮೂಲಕ ಹೋಗುವವರು ಇನ್ನೊಂದು ತಿಳಿದಿರಲಿ: ಮುಂದಿನ ವಿಮಾನ ಬೇರೆ ದೇಶಕ್ಕೇ ಆಗಿದ್ದರೂ ಅಲ್ಲಿ ಇಮಿಗ್ರೇಶನ್ ದಾಟಲೇಬೇಕು, ಸಾಮಾನ್ಯವಾಗಿ ಮೊದಲು ಇಳಿದ ನಿಲ್ದಾಣದಲ್ಲೇ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ಮುಗಿಸಿ ಮತ್ತೆ ಕೊಡಬೇಕು. ಅಲ್ಲಿ ಒಂದೂವರೆ ಗಂಟೆಯ ಬಿಡುವು ಸಾಲದು, ಮೂರು ಗಂಟೆಯಾದರೂ ಇರಲಿ.

ಕ್ರೂಸ್ ಕಂಪನಿಯ ಮೂಲಕವೇ ವಿಮಾನ ಬುಕ್ ಮಾಡುವುದು ಒಳ್ಳೆಯದಾ? ತಡವಾದರೆ ನಿಮ್ಮನ್ನು ಹಡಗಿಗೆ ಮುಟ್ಟಿಸಲು ಅವರು ಓಡಾಡುತ್ತಾರೆ, ಅದು ಲಾಭ. ಆದರೆ ವಿಮಾನದ ಹೊತ್ತು, ದಾರಿ ಅವರಿಗೆ ಬೇಕಾದ ಹಾಗೆ ಹಾಕಬಹುದು, ಮುಂಚೆ ಹೋಗುತ್ತೇನೆ ಅಂದರೆ ಹೆಚ್ಚುವರಿ ಶುಲ್ಕ ಕೇಳಬಹುದು. ಟೂರ್ ಕೂಡ ಅವರದ್ದೇ ಆಗಿದ್ದರೆ ಯೋಚಿಸಿ. ಬೇರೆಯವರದ್ದಾದರೆ ನೀವೇ ಬುಕ್ ಮಾಡಿಕೊಳ್ಳುವುದೇ ಲೇಸು ಅಂತ ನನ್ನ ಅಭಿಪ್ರಾಯ.

ವಾಪಸ್ ಬರುವ ವಿಮಾನ ಮಧ್ಯಾಹ್ನದ ಮೇಲಿನದ್ದೇ ಇರಲಿ. ಹಡಗು ಬೆಳಗಿನ ಜಾವ ಬಂದರು ಮುಟ್ಟಿದರೂ ಅಧಿಕಾರಿಗಳು ಬಿಡಬೇಕು, ಬ್ಯಾಗ್ ಇಳಿಯಬೇಕು, ಸಾವಿರಾರು ಜನ ಸಾಲಾಗಿ ಹೊರಬರಬೇಕು.

ಹಂತ 4: ಕಾಗದಪತ್ರ, ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ

ಒಂದು ಹಾಳೆ ತಗೊಳ್ಳಿ. ವಿಮಾನ ಬದಲಾಯಿಸುವ ಊರಿಂದ ಹಿಡಿದು, ಟೂರ್‌ನ ದೇಶಗಳು, ಹಡಗು ನಿಲ್ಲುವ ಪ್ರತಿ ಬಂದರು, ಕೊನೆಗೆ ವಾಪಸ್ ಬರುವ ದಾರಿಯವರೆಗೆ, ಎಲ್ಲ ದೇಶಗಳನ್ನೂ ಕಾಲಿಡುವ ಕ್ರಮದಲ್ಲೇ ಬರೆಯಿರಿ. ಪ್ರತಿ ಹೆಸರಿನ ಮುಂದೆ ನಿಮ್ಮ ಪಾಸ್‌ಪೋರ್ಟ್‌ಗೆ ಏನು ಬೇಕು ಅಂತ ಆ ದೇಶದ ಸರ್ಕಾರಿ ಜಾಲತಾಣದಲ್ಲೇ ನೋಡಿ ತುಂಬಿಸಿ. ಹಡಗಿನಿಂದ ಇಳಿಯುವುದೇ ಇಲ್ಲ ಅಂದರೂ ಕೆಲವು ದೇಶಗಳು ವೀಸಾ ಕೇಳುತ್ತವೆ, ಅದಿಲ್ಲದೆ ಕ್ರೂಸ್ ಕಂಪನಿ ಮೊದಲ ದಿನವೇ ಹತ್ತಲು ಬಿಡುವುದಿಲ್ಲ.

ಪಾಸ್‌ಪೋರ್ಟ್ ಅವಧಿಯನ್ನು ಹೊರಡುವ ದಿನದಿಂದ ಎಣಿಸಬೇಡಿ. ಕ್ರೂಸ್ ಮುಗಿಯುವ ದಿನದಿಂದ ಮುಂದೆ ಆರು ತಿಂಗಳು ಇರಬೇಕು ಅಂತ ಇಟ್ಟುಕೊಂಡರೆ ಎಲ್ಲ ಕಡೆಗೂ ಬಹುತೇಕ ಸಾಕಾಗುತ್ತದೆ. ಯುರೋಪಿನ ಷೆಂಗೆನ್ ದೇಶಗಳಿಗೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಹೊರಬರುವ ದಿನದಿಂದ ಮೂರು ತಿಂಗಳು ಸಾಕು, ಆದರೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಮೀರಿರಬಾರದು. ಖಾಲಿ ಪುಟವನ್ನೂ ಎಣಿಸಿ. ದಕ್ಷಿಣ ಆಫ್ರಿಕಾ ಎರಡು ಪೂರ್ತಿ ಖಾಲಿ ಪುಟ ಕೇಳುತ್ತದೆ, ಉದ್ದನೆಯ ಕ್ರೂಸ್‌ನಲ್ಲಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮುದ್ರೆ ಬಿದ್ದು ಬಿದ್ದು ಪುಟಗಳು ತುಂಬಿರಬಹುದು.

ಷೆಂಗೆನ್ ವೀಸಾದಲ್ಲಿ ಟೂರ್ ಮತ್ತು ಕ್ರೂಸ್ ಎರಡೂ ಸೇರಿದವರು ಸಿಕ್ಕಿಹಾಕಿಕೊಳ್ಳುವ ಜಾಗ ಒಂದಿದೆ. ಸ್ಪೇನ್‌ನಲ್ಲಿ ಟೂರ್ ಮುಗಿಸಿ ಬಾರ್ಸಿಲೋನಾದಲ್ಲಿ ಹಡಗು ಹತ್ತುತ್ತೀರಿ ಅಂದುಕೊಳ್ಳಿ. ಹಡಗು ಇಸ್ತಾಂಬುಲ್‌ಗೆ ಹೋಗುತ್ತದೆ, ಟರ್ಕಿ ಷೆಂಗೆನ್‌ನಲ್ಲಿ ಇಲ್ಲ. ಅಲ್ಲಿಂದ ಅಥೆನ್ಸ್‌ಗೆ ಬಂದರೆ ಅದು ಎರಡನೇ ಪ್ರವೇಶ. ಒಂದೇ ಸಲದ ಪ್ರವೇಶದ ವೀಸಾ ಇದ್ದರೆ ಕತೆ ಅಲ್ಲಿಗೆ ಮುಗಿಯಿತು. ಏಡ್ರಿಯಾಟಿಕ್ ಕಡೆ ಹೋಗುವವರಿಗೆ, ಕ್ರೊಯೇಷಿಯಾ 2023ರ ಜನವರಿಯಲ್ಲಿ ಷೆಂಗೆನ್ ಸೇರಿತು, ಪಕ್ಕದ ಮಾಂಟೆನೆಗ್ರೊ ಸೇರಿಲ್ಲ. ಹಾಗಾಗಿ ಅರ್ಜಿಯಲ್ಲಿ 'ಮಲ್ಟಿಪಲ್ ಎಂಟ್ರಿ' ಕೇಳಿ, ಹಡಗಿನ ಪೂರ್ತಿ ವೇಳಾಪಟ್ಟಿ ಲಗತ್ತಿಸಿ. ಜೊತೆಗೆ 180 ದಿನದಲ್ಲಿ 90 ದಿನ ಮಾತ್ರ ಷೆಂಗೆನ್ ಒಳಗೆ ಇರಬಹುದು ಅನ್ನುವ ಮಿತಿಗೆ ಅಲ್ಲಿನ ಟೂರ್ ದಿನ, ಮುಂಚೆ ಇಳಿದ ಖಾಲಿ ದಿನ, ಹಡಗು ಷೆಂಗೆನ್ ಒಳಗಿರುವ ದಿನ ಎಲ್ಲವನ್ನೂ ಸೇರಿಸಿ ಎಣಿಸಿ.

ಹಳದಿ ಜ್ವರದ ಲಸಿಕೆಯನ್ನು ತುಂಬಾ ಜನ ಮರೆಯುತ್ತಾರೆ. ದಕ್ಷಿಣ ಅಮೆರಿಕ ಅಥವಾ ಆಫ್ರಿಕಾದ ಕೆಲವು ದೇಶಗಳನ್ನು ಮುಟ್ಟಿ ಮುಂದಿನ ಬಂದರಿಗೆ ಹೋದಾಗ ಅಲ್ಲಿ ಹಳದಿ ಪುಸ್ತಕ, ಅಂದರೆ ಲಸಿಕೆಯ ಸರ್ಟಿಫಿಕೇಟ್, ತೋರಿಸಿ ಅನ್ನುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ಮೇಲೆ ಮಾತ್ರ ಸರ್ಟಿಫಿಕೇಟ್‌ಗೆ ಬೆಲೆ. ಒಂದು ಸಮಾಧಾನ, 2016ರ ಜುಲೈನಿಂದ ಅದು ಜೀವನಪರ್ಯಂತ ನಡೆಯುತ್ತದೆ. ವಯಸ್ಸಾದವರು ಇದನ್ನು ಹಾಕಿಸಿಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಲೇಬೇಕು.

ಈ ಎಲ್ಲ ಕಾಗದದ ಮೊದಲ ಪರೀಕ್ಷೆ ನಡೆಯುವುದು ನಿಮ್ಮ ಊರಿನ ಚೆಕ್-ಇನ್ ಕೌಂಟರ್‌ನಲ್ಲೇ. ಅಲ್ಲಿ ಕೂತವರು ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಟಿಮ್ಯಾಟಿಕ್ ಅನ್ನುವ ಡೇಟಾಬೇಸ್ ನೋಡುತ್ತಾರೆ, ಯಾವ ದೇಶಕ್ಕೆ ಯಾವ ಪಾಸ್‌ಪೋರ್ಟ್‌ಗೆ ಏನು ಬೇಕು ಅಂತ ಅದರಲ್ಲಿರುತ್ತದೆ. ಆಮೇಲೆ ತಲೆ ಎತ್ತಿ ಕೇಳುತ್ತಾರೆ: 'ರಿಟರ್ನ್ ಟಿಕೆಟ್ ಎಲ್ಲಿ?' ನಿಮ್ಮ ಹತ್ತಿರ ಆ ದೇಶದಿಂದ ಹೊರಡುವ ವಿಮಾನವೇ ಇಲ್ಲ, ಹೊರಡುವುದು ಹಡಗಿನಲ್ಲಿ! ಹಿಂದೆ ಸಾಲು ಬೆಳೆಯುತ್ತಿರುತ್ತದೆ, ಅವರು ಸೂಪರ್‌ವೈಸರ್‌ಗೆ ಫೋನ್ ಮಾಡುತ್ತಾರೆ. ಆಗ ಫೋನಿನಲ್ಲಿ ಇಮೇಲ್ ಹುಡುಕುತ್ತಾ ನಿಲ್ಲಬಾರದು. ಕ್ರೂಸ್‌ನ ಬುಕಿಂಗ್ ದೃಢೀಕರಣ, ಅದರಲ್ಲಿ ನಿಮ್ಮ ಹೆಸರು, ಹಡಗಿನ ಹೆಸರು, ಹತ್ತುವ ಬಂದರು, ಇಳಿಯುವ ಬಂದರು, ಅದರ ಹಿಂದೆ ವಾಪಸ್ ಬರುವ ವಿಮಾನದ ಟಿಕೆಟ್, ಇಷ್ಟನ್ನೂ ಕಾಗದದ ಮೇಲೆ ಪ್ರಿಂಟ್ ಹಾಕಿ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಳ್ಳಿ. ಇದೇ ಕವರ್ ಇಳಿದ ಮೇಲೆ ಇಮಿಗ್ರೇಶನ್ ಕಿಟಕಿಯಲ್ಲೂ ಕೆಲಸಕ್ಕೆ ಬರುತ್ತದೆ. ಮೊದಲ ರಾತ್ರಿಯ ಹೋಟೆಲ್ ವಿಳಾಸವನ್ನೂ ಅದರಲ್ಲೇ ಸೇರಿಸಿ.

ಹಂತ 5: ಇನ್ಶೂರೆನ್ಸ್

ಚಿಕ್ಕದಾಗಿ ಹೇಳುತ್ತೇನೆ. ಪಾಲಿಸಿ ಮನೆ ಬಿಟ್ಟ ದಿನದಿಂದ ಮನೆ ಸೇರುವ ದಿನದವರೆಗೂ ಇರಬೇಕು, ಕ್ರೂಸ್ ದಿನಗಳಿಗೆ ಮಾತ್ರ ಅಲ್ಲ. ವರ್ಷಕ್ಕೊಂದು ಪಾಲಿಸಿ ಇದೆ ಅನ್ನುವವರು ಒಳಗಿನ ಸಣ್ಣಕ್ಷರ ಓದಿ, ಒಂದು ಪ್ರಯಾಣಕ್ಕೆ 30, 45 ಅಥವಾ 60 ದಿನ ಅಂತ ಮಿತಿ ಇರುತ್ತದೆ. ಟೂರ್ ಮತ್ತು ಉದ್ದನೆಯ ಕ್ರೂಸ್ ಸೇರಿದರೆ ಅದು ಸುಲಭವಾಗಿ ದಾಟುತ್ತದೆ. 'ಕ್ರೂಸ್' ಅನ್ನುವುದು ಪಾಲಿಸಿಯಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿ. ಹಡಗಿನ ಆಸ್ಪತ್ರೆ ಖಾಸಗಿ ದರದಲ್ಲಿ ಬಿಲ್ ಮಾಡುತ್ತದೆ, ಬಿಲ್ ನೇರ ನಿಮ್ಮ ಖಾತೆಗೇ ಬರುತ್ತದೆ. ನಡುಸಮುದ್ರದಿಂದ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾದರೆ ಖರ್ಚು ಕೇಳಲೇಬೇಡಿ, ಅದಕ್ಕೆ ದೊಡ್ಡ ಮೊತ್ತದ ರಕ್ಷಣೆ ಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಯಿರಿ.

ಹಂತ 6: ಪ್ಯಾಕಿಂಗ್

ವಿಮಾನದಲ್ಲಿ ಎರಡು ದೊಡ್ಡ ಬ್ಯಾಗ್‌ಗೆ ಅವಕಾಶ ಇದೆ, ಹಡಗಿನಲ್ಲಿ ಹೆಚ್ಚುಕಡಿಮೆ ಮಿತಿಯೇ ಇಲ್ಲ, ಅಂದಮೇಲೆ ತುಂಬಿಕೊಂಡು ಹೋಗೋಣ ಅನ್ನಿಸುವುದು ಸಹಜ. ಆದರೆ ನಡುವೆ ಟೂರ್ ಇದೆಯಲ್ಲ. ಬಸ್‌ನಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ದೊಡ್ಡ ಬ್ಯಾಗ್. ಟೂರ್ ಒಳಗಿನ ಸಣ್ಣ ವಿಮಾನಗಳಲ್ಲಿ 15 ಅಥವಾ 20 ಕೆ.ಜಿ. ಮಾತ್ರ ಇರಬಹುದು. ಇಡೀ ದಾರಿಯಲ್ಲಿ ಅತಿ ಕಡಿಮೆ ತೂಕ ಯಾವುದೋ ಅದೇ ನಿಮ್ಮ ಮಿತಿ.

ನಾನು ಹೇಳುವ ವಿಧಾನ ಇಷ್ಟು: ಸೂಟ್‌ಕೇಸ್‌ನ ಕೆಳಗಿನ ಅರ್ಧ ಹಡಗಿನ ಬಟ್ಟೆ. ಸಂಜೆಯ ಊಟಕ್ಕೆ ಹಾಕುವ ಒಳ್ಳೆಯ ಬಟ್ಟೆ, ಈಜುಡುಗೆ, ಹೆಚ್ಚುವರಿ ಚಪ್ಪಲಿ ಎಲ್ಲ ಒಂದು ಜಿಪ್ ಚೀಲಕ್ಕೆ ಹೋಗಲಿ, ಟೂರ್ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಮೇಲಿನ ಅರ್ಧ ಟೂರ್‌ದು, ಬೇಗ ಒಣಗುವ ಬಟ್ಟೆ. ಹಡಗಿನಲ್ಲಿ ಲಾಂಡ್ರಿ ಇರುತ್ತದೆ, ವಾರಕ್ಕಾಗುವಷ್ಟು ಇದ್ದರೆ ತಿಂಗಳು ಕಳೆಯಬಹುದು.

ಕ್ಯಾಬಿನ್ ಬ್ಯಾಗ್‌ನಲ್ಲಿ ಎರಡು ಮೂರು ದಿನದ ಬಟ್ಟೆ, ಕನ್ನಡಕ, ಚಾರ್ಜರ್, ಮತ್ತು ಎಲ್ಲ ಮಾತ್ರೆಗಳು. ಎಲ್ಲ ಅಂದರೆ ಪೂರ್ತಿ ಪ್ರಯಾಣದ್ದು, ಅದರ ಮೇಲೆ ಹತ್ತು ಹದಿನೈದು ದಿನದ್ದು ಹೆಚ್ಚಿಗೆ. ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ, ಔಷಧದ ಮೂಲ ಹೆಸರು ಇರುವ ಡಾಕ್ಟರ ಚೀಟಿ ಜೊತೆಗಿರಲಿ. ನಮ್ಮಲ್ಲಿ ಸಾಮಾನ್ಯ ಅನ್ನಿಸುವ ನೆಗಡಿ ಕೆಮ್ಮಿನ ಔಷಧಕ್ಕೂ ಕೆಲವು ದೇಶಗಳಲ್ಲಿ ತಕರಾರು ಇದೆ. ಜಪಾನ್‌ನಲ್ಲಿ ಸ್ಯೂಡೋಎಫೆಡ್ರಿನ್ ಹೆಚ್ಚಿನ ಪ್ರಮಾಣದಲ್ಲಿರುವ ಮಾತ್ರೆ ನಿಷಿದ್ಧ, ಕೊಡೀನ್ ಇರುವ ಔಷಧಕ್ಕೆ ಕೊಲ್ಲಿ ದೇಶಗಳಲ್ಲಿ ಕಟ್ಟುನಿಟ್ಟು.

ಪವರ್ ಬ್ಯಾಂಕ್ ಕ್ಯಾಬಿನ್ ಬ್ಯಾಗ್‌ನಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗಿರಲಿ. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್, ತೊಂದರೆಯಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಇವನ್ನು ಹಡಗು ಹತ್ತುವಾಗ ತೆಗೆದಿಟ್ಟುಕೊಳ್ಳುತ್ತಾರೆ, ಬೆಂಕಿಯ ಭಯಕ್ಕೆ. ಮನೆಯಲ್ಲೇ ಬಿಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗುವವರು ತಿನ್ನುವ ಪದಾರ್ಥ, ಮರದ ವಸ್ತು, ಮಣ್ಣು ಮೆತ್ತಿದ ಶೂ ಏನಿದ್ದರೂ ಫಾರಂನಲ್ಲಿ ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ಎಸೆಯುತ್ತಾರೆ, ಬಚ್ಚಿಟ್ಟರೆ ದಂಡ.

ಹಂತ 7: ಇಳಿದ ದಿನ

ಬ್ಯಾಗ್ ಬೆಲ್ಟ್ ಹತ್ತಿರ ಕೊನೆಯ ಸೂಟ್‌ಕೇಸ್ ಹೋಗಿ ಬೆಲ್ಟ್ ನಿಂತಿತು, ನಿಮ್ಮದು ಬಂದಿಲ್ಲ. ಹೊರಗೆ ಟೂರ್‌ನವರು ಬೋರ್ಡ್ ಹಿಡಿದು ಕಾಯುತ್ತಿದ್ದಾರೆ ಅಂತ ಓಡಿಹೋಗಬೇಡಿ. ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುವುದು ದೊಡ್ಡ ಕೆಲಸ. ಟೂರ್‌ನವರಿಗೆ ಫೋನ್ ಮಾಡಿ ತಿಳಿಸಿ, ಬ್ಯಾಗೇಜ್ ಕೌಂಟರ್‌ಗೆ ಹೋಗಿ ಪಿಐಆರ್ ಅನ್ನುವ ದೂರು ಬರೆಸಿ, ಅದರ ನಂಬರ್ ಪಡೆಯಿರಿ. ಆ ಫಾರಂನಲ್ಲಿ ವಿಳಾಸಕ್ಕೆ ಒಂದೇ ಜಾಗ ಇರುತ್ತದೆ, ನೀವು ದಿನಕ್ಕೊಂದು ಊರಲ್ಲಿ ಇರುತ್ತೀರಿ. ಹಾಗಾಗಿ ತಾರೀಖು, ಹೋಟೆಲ್ ಹೆಸರು, ವಿಳಾಸ, ಫೋನ್ ಇರುವ ಒಂದು ಹಾಳೆ ಮೊದಲೇ ಮಾಡಿಟ್ಟುಕೊಂಡು, ಕೊನೆಯ ಸಾಲಿನಲ್ಲಿ ಹಡಗಿನ ಹೆಸರು, ಬಂದರು, ಹೊರಡುವ ದಿನ ಬರೆದು ಅವರಿಗೆ ಒಂದು ಪ್ರತಿ ಕೊಡಿ. ಎರಡು ರಾತ್ರಿ ಒಂದೇ ಹೋಟೆಲ್‌ನಲ್ಲಿ ಇರುವ ಊರು ಯಾವುದೋ ಅದನ್ನು ಗುರುತು ಹಾಕಿ 'ಇಲ್ಲಿಗೆ ಕಳಿಸಿ' ಅನ್ನಿ. ಖಾಲಿ ದಿನ ಇಟ್ಟುಕೊಂಡಿದ್ದರ ಲಾಭ ಇಲ್ಲೇ ಕಾಣುವುದು, ತಡವಾದ ಬ್ಯಾಗ್‌ಗಳಲ್ಲಿ ಎಷ್ಟೋ ಮರುದಿನದ ವಿಮಾನದಲ್ಲೇ ಬಂದುಬಿಡುತ್ತವೆ.

ಅಷ್ಟರಲ್ಲಿ ಕೊಂಡ ಬಟ್ಟೆಬರೆಯ ರಸೀದಿ ಇಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾನಿಯಾಗಿದ್ದರೆ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಹಡಗಿನ ಖುಷಿಯಲ್ಲಿ ಮರೆತರೆ ಹಕ್ಕು ಹೋಯಿತು.

ಏರ್‌ಪೋರ್ಟ್‌ನಿಂದ ಹೋಟೆಲ್‌ಗೆ ಟೂರ್‌ನವರು ಕೊಡುವ ಕಾರು ಅಥವಾ ಬಸ್ ಹೆಚ್ಚಾಗಿ 'ದಿನ 1'ಕ್ಕೆ ಮಾತ್ರ. ನೀವು ಒಂದು ದಿನ ಮುಂಚೆ ಬಂದಿದ್ದರೆ ಅದು ಸಿಗುತ್ತಾ ಇಲ್ವಾ ಅಂತ ಮೊದಲೇ ಕೇಳಿ.

ಆ ಖಾಲಿ ದಿನ ಏನು ಮಾಡಬೇಕು? ಬೆಳಕಿನಲ್ಲಿ ನಡೆದಾಡಿ, ನೀರು ಕುಡಿಯಿರಿ, ರಾತ್ರಿಯಾಗುವವರೆಗೆ ಮಲಗಬೇಡಿ. ಟೂರ್‌ನಲ್ಲಿ ಹೇಗೂ ನೋಡುವ ಜಾಗಗಳನ್ನು ಇವತ್ತೇ ನೋಡಿಬಿಡುವ ಹಟ ಬೇಡ.

ಹಂತ 8: ಗುಂಪಿನ ಜೊತೆ

ಮೊದಲ ಸಂಜೆಯೇ ಟೂರ್ ಲೀಡರ್ ಹತ್ತಿರ ಹೋಗಿ ಎರಡು ಮಾತು ಹೇಳಿ. ಒಂದು, ಟೂರ್ ಆದಮೇಲೆ ನಾವು ಇಂಥ ಹಡಗು ಹತ್ತುತ್ತೇವೆ. ಗುಂಪಿನ ಎಲ್ಲರೂ ಅದೇ ಹಡಗಿಗೆ ಹೋಗುತ್ತಾರೆ ಅಂತ ಅಂದುಕೊಳ್ಳಬೇಡಿ, ಅರ್ಧ ಜನ ಟೂರ್ ಮುಗಿಸಿ ಮನೆಗೆ ಹೋಗುವವರಿರಬಹುದು, ಆಗ ಕೊನೆಯ ದಿನದ ಬಸ್ ಬಂದರಿಗಲ್ಲ, ಏರ್‌ಪೋರ್ಟ್‌ಗೆ. ಎರಡು, ಮಂಡಿ ನೋವು, ಮೆಟ್ಟಿಲು ಕಷ್ಟ, ಊಟದ ಪಥ್ಯ ಏನಿದ್ದರೂ ಈಗಲೇ ಹೇಳಿ.

ಗುಂಪಿನಲ್ಲಿ ಒಬ್ಬರಿಗೆ ಕೆಮ್ಮು ಶುರುವಾದರೆ ಬಸ್‌ನಲ್ಲಿ ಎಲ್ಲರಿಗೂ ಹರಡುತ್ತದೆ. ಹಡಗು ಹತ್ತುವಾಗ ಆರೋಗ್ಯದ ಪ್ರಶ್ನೆ ಕೇಳಬಹುದು, ವಾಂತಿ ಭೇದಿ ಇದ್ದರೆ ಹತ್ತಲು ಬಿಡದೆಯೂ ಇರಬಹುದು. ಕೈಯನ್ನು ಸೋಪು ಹಾಕಿ ತೊಳೆಯಿರಿ. ಹಡಗುಗಳಲ್ಲಿ ಕಾಡುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ.

ಬೆಳಗ್ಗೆ ಬೇಗ ಹೊರಡುವ ದಿನಗಳಲ್ಲಿ ಹಿಂದಿನ ರಾತ್ರಿಯೇ ಬ್ಯಾಗನ್ನು ಬಾಗಿಲ ಹೊರಗೆ ಇಡಿ ಅನ್ನುತ್ತಾರೆ. ಬ್ಯಾಗ್ ಹೋದ ಮೇಲೆ ನೋಡಿದರೆ ಬೆಳಗ್ಗೆ ಹಾಕಿಕೊಳ್ಳಲು ಪ್ಯಾಂಟ್ ಇಲ್ಲ! ಪ್ರತಿ ಗುಂಪಿನಲ್ಲೂ ಹೀಗೆ ಪೈಜಾಮದಲ್ಲಿ ತಿಂಡಿಗೆ ಬರುವವರು ಒಬ್ಬರು ಇದ್ದೇ ಇರುತ್ತಾರೆ. ಬ್ಯಾಗ್ ಮುಚ್ಚುವ ಮುಂಚೆ ನಾಳೆಯ ಬಟ್ಟೆ, ಶೂ, ಮಾತ್ರೆ, ಪಾಸ್‌ಪೋರ್ಟ್ ನಾಲ್ಕನ್ನೂ ಹಾಸಿಗೆ ಮೇಲೆ ತೆಗೆದಿಡಿ.

ಹಂತ 9: ಹಡಗು ಹತ್ತುವ ದಿನ

ಕ್ರೂಸ್ ಕಂಪನಿಯ ಆನ್‌ಲೈನ್ ಚೆಕ್-ಇನ್ ಅನ್ನು ಮನೆಯಲ್ಲಿದ್ದಾಗಲೇ ಮುಗಿಸಿ, ಬ್ಯಾಗ್ ಟ್ಯಾಗ್ ಪ್ರಿಂಟ್ ತೆಗೆದು ಕ್ಯಾಬಿನ್ ಬ್ಯಾಗ್‌ನಲ್ಲಿ ಇಟ್ಟುಕೊಂಡಿರಿ, ಟೂರ್ ನಡುವೆ ಪ್ರಿಂಟರ್ ಹುಡುಕುವುದು ಬೇಡ. ಹಡಗು ಸಂಜೆ ಐದಕ್ಕೆ ಹೊರಡುತ್ತದೆ ಅಂದರೆ ಐದರವರೆಗೆ ಹತ್ತಬಹುದು ಅಂತಲ್ಲ. ಒಂದು, ಒಂದೂವರೆ ಗಂಟೆ ಮುಂಚೆಯೇ ಚೆಕ್-ಇನ್ ಮುಚ್ಚುತ್ತಾರೆ.

ದೊಡ್ಡ ಬ್ಯಾಗ್ ಬಂದರಿನಲ್ಲಿ ಕೊಟ್ಟರೆ ನಿಮ್ಮ ಕ್ಯಾಬಿನ್‌ಗೆ ಬರುವುದು ಸಂಜೆಯೋ ರಾತ್ರಿಯೋ. ಪಾಸ್‌ಪೋರ್ಟ್ ಅದರೊಳಗೆ ಇದ್ದರೆ ನೀವು ಹತ್ತುವುದೇ ಇಲ್ಲ. ಹತ್ತಿದ ಮೇಲೆ ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ಅವರೇ ಇಟ್ಟುಕೊಳ್ಳುತ್ತಾರೆ, ಬಂದರುಗಳ ಅಧಿಕಾರಿಗಳಿಗೆ ತೋರಿಸಲು. ಗಾಬರಿ ಬೇಡ, ಆದರೆ ಅದರ ಫೋಟೊ ಮತ್ತು ಕಾಗದದ ಪ್ರತಿ ನಿಮ್ಮ ಹತ್ತಿರ ಇರಲಿ.

ಸುರಕ್ಷತಾ ಡ್ರಿಲ್ ತಪ್ಪಿಸಿಕೊಳ್ಳಬೇಡಿ. ಮುಂಚೆ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2012ರಲ್ಲಿ ಇಟಲಿ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿದಾಗ, ಅದೇ ದಿನ ಹತ್ತಿದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. 2015ರಿಂದ ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮಾಡಲೇಬೇಕು ಅನ್ನುವ ನಿಯಮ ಬಂತು.

ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ಮೊಬೈಲ್ ಜಾಲ ಹಿಡಿದುಕೊಂಡು ದುಬಾರಿ ಬಿಲ್ ಬರುತ್ತದೆ. ಕೈಗೆ ಒಂದು ಸಾದಾ ಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ. ಬಂದರಿನ ಸಮಯ ಮತ್ತು ಹಡಗಿನ ಸಮಯ ಬೇರೆ ಇರಬಹುದು, ಫೋನು ತೋರಿಸುವುದು ಬಂದರಿನದ್ದು, ಹಡಗು ಹೊರಡುವುದು ತನ್ನದಕ್ಕೆ.

ಏನಾದರೂ ಕೈಕೊಟ್ಟರೆ

ವಿಮಾನ ರದ್ದಾಯಿತು ಅಂದರೆ ಮೊದಲ ಫೋನ್ ಏರ್‌ಲೈನ್‌ಗೆ, ಎರಡನೆಯದು ಟೂರ್ ಕಂಪನಿಯ ತುರ್ತು ನಂಬರ್‌ಗೆ, ಮೂರನೆಯದು ಇನ್ಶೂರೆನ್ಸ್‌ಗೆ. ಟೂರ್‌ನವರನ್ನು ಕೇಳಬೇಕಾದ್ದು 'ಯಾವ ಊರಲ್ಲಿ ಬಂದು ಸೇರಿಕೊಳ್ಳಲಿ?' ಅಂತ. ಅವರು ಹೇಳಿದ ಊರಿಗೇ ಟಿಕೆಟ್ ಬದಲಾಯಿಸಿ ಕೊಡಿ ಅಂತ ಏರ್‌ಲೈನನ್ನು ಕೇಳಿ ನೋಡಿ, ಮೊದಲ ಊರಿಗೆ ಹೋಗಿ ಬೆನ್ನಟ್ಟುವುದಕ್ಕಿಂತ ಎಷ್ಟೋ ವಾಸಿ. ತಡವಾಗಿದ್ದಕ್ಕೆ ಏರ್‌ಲೈನ್‌ನಿಂದ ಒಂದು ಪತ್ರ ಬರೆಸಿಕೊಳ್ಳಿ, ಇನ್ಶೂರೆನ್ಸ್‌ನವರು ಅದನ್ನೇ ಕೇಳುವುದು.

ಹಡಗೇ ತಪ್ಪಿದರೆ ಮುಂದಿನ ಬಂದರಿಗೆ ಟಿಕೆಟ್ ಕೊಳ್ಳುವ ಮುಂಚೆ ಕ್ರೂಸ್ ಕಂಪನಿಯ ಜೊತೆ, ಅಥವಾ ಆ ಬಂದರಿನಲ್ಲಿರುವ ಅವರ ಪೋರ್ಟ್ ಏಜೆಂಟ್ ಜೊತೆ ಮಾತಾಡಿ. ಎಲ್ಲ ಬಂದರಿನಲ್ಲೂ ಹತ್ತಲು ಆಗುವುದಿಲ್ಲ. ಅಮೆರಿಕದಲ್ಲಿ 1886ರ ಒಂದು ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ, ವಿದೇಶಿ ಧ್ವಜದ ಹಡಗು ಜನರನ್ನು ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದಕ್ಕೆ ಸುಮ್ನೆ ಸಾಗಿಸುವಂತಿಲ್ಲ. ಹಾಗಾಗಿ ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿ ಸಿಯಾಟಲ್‌ಗೇ ಬರುವ ಹಡಗು ತಪ್ಪಿದವರು ಅಲಾಸ್ಕಾದ ಜೂನೋಗೆ ಹಾರಿ ಅಲ್ಲಿ ಹತ್ತುತ್ತೇವೆ ಅಂದರೆ ಬಿಡುವುದಿಲ್ಲ. ಮುಂದಿನ ಬಂದರಿನ ದೇಶಕ್ಕೆ ವಿಮಾನದಲ್ಲಿ ಇಳಿಯುವ ವೀಸಾ ನಿಮ್ಮ ಹತ್ತಿರ ಇದೆಯಾ ಅಂತಲೂ ನೋಡಿ, ಕೆಲವು ದೇಶಗಳು ಹಡಗಿನಲ್ಲಿ ಬಂದವರಿಗೆ ಕೊಡುವ ವಿನಾಯಿತಿ ವಿಮಾನದಲ್ಲಿ ಬಂದವರಿಗೆ ಕೊಡುವುದಿಲ್ಲ. ಈ ಫೋನ್ ನಂಬರ್‌ಗಳನ್ನೆಲ್ಲ ಆ ಪ್ಲಾಸ್ಟಿಕ್ ಕವರ್‌ನ ಮೇಲಿನ ಹಾಳೆಯಲ್ಲೇ ದೊಡ್ಡದಾಗಿ ಬರೆದಿಡಿ, ಬ್ಯಾಟರಿ ಖಾಲಿಯಾದ ಫೋನಿನೊಳಗೆ ಇದ್ದರೆ ಉಪಯೋಗವಿಲ್ಲ.